ಸೊಸೆ ಹತ್ತಿದ ಮೆಟ್ಟಿಲು

"ನನ್ನ ಕೆಲಸಾನ ಕಸಗೊಂಡ್ಯಲ್ಲ... ನಿನಗ ಮನಸ್ಸಾದ್ರೂ ಹೆಂಗ ಬಂತು!"

ಶಾರವ್ವನ ಕೂಗಿಗೆ ನೆರೆಮನೆಯವರು ಹೊರಗೆ ಬಂದರು. ಸೊಸೆ ರೋಹಿಣಿ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬಾದಾಮಿಯ ಗುಡ್ಡದ ಮೇಲಿನ ಗುಡಿಗೆ ನೀರು ಹೊತ್ತು, ಮೆಟ್ಟಿಲು ಗುಡಿಸುವ ಕೆಲಸವನ್ನು ಶಾರವ್ವ ಹದಿನೆಂಟು ವರ್ಷ ಮಾಡಿದ್ದಳು. ಗಂಡ ತೀರಿದ ಮೇಲೆ ಮಗ ಕಲ್ಲೇಶನನ್ನು ಸಾಕಿದ್ದು ಅದೇ ದುಡಿಮೆ. ಈಗ ಎರಡೂ ಮೊಣಕಾಲು ಊದಿಕೊಂಡು, ಇಳಿಯುವಾಗ ಕುಳಿತು ಕುಳಿತು ಜಾರಿಕೊಂಡು ಬರುತ್ತಿದ್ದಳು.

"ನನಗ ಹತ್ತಾಕ ಆಗೂದಿಲ್ಲಂತ ಗುಡಿ ಕಮಿಟಿಯ ಕನಕಪ್ಪಗ ಯಾರು ಹೇಳಿದ್ರು?"

"ನಾನ ಹೇಳೀನ್ರಿ ಅತ್ತಿ. ನಾಳಿಂದ ನಾ ಹೋಗ್ತೇನಿ."

"ಯವ್ವಾ, ಬಾಗಲಕೋಟಿ ಡಾಕ್ಟರು ಹೇಳಿದ್ದು ಮರತ್ಯಾ?" ಎಂದ ಕಲ್ಲೇಶ. "ಮೊಣಕಾಲು ಸವದಾವ, ಭಾರ ಹೊತ್ತು ಹತ್ತಿದ್ರ ಮುಂದ ನಡಿಯಾಕೂ ಆಗೂದಿಲ್ಲಂದ್ರಲ್ಲ!"

"ಡಾಕ್ಟರಿಗೇನು ಗೊತ್ತು! ಕುಂತ್ರ ನಾ ಸಾಯ್ತೇನಿ!"

ಮರುದಿನ ರೋಹಿಣಿ ತನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಗುಡ್ಡದ ಹಾದಿ ಹಿಡಿದಳು. ಶಾರವ್ವನಿಗೆ ಮನೆಯಲ್ಲಿ ಕೂರಲಾಗದು, ನಿಲ್ಲಲಾಗದು. ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚುವಳು, ಬಾಗಿಲಿಗೆ ಬಂದು ಗುಡ್ಡ ನೋಡುವಳು, ಒಳಗೆ ಹೋಗುವಳು, ಮತ್ತೆ ಬರುವಳು... ಸೊಸೆಯೊಡನೆ ಮಾತಿಲ್ಲ. ಆಕೆ ಬಡಿದ ರೊಟ್ಟಿಯನ್ನೂ ಮುಟ್ಟಲಿಲ್ಲ. ಓಣಿಯ ತುಂಬ ಒಂದೇ ದೂರು: "ನನ್ನ ಜಾಗಾದಾಗ ಆಕಿ ನಿಂತಾಳ!"

ಒಂಬತ್ತನೆಯ ದಿನ ತಡೆಯಲಾರದೆ ಆಟೋ ಹತ್ತಿ ಗುಡ್ಡದ ಬುಡಕ್ಕೆ ಹೋದಳು. ಮೇಲಿನಿಂದ ರೋಹಿಣಿ ಖಾಲಿ ಕೊಡ ಹಿಡಿದು ಇಳಿಯುತ್ತಿದ್ದಳು. ಅಡ್ಡಡ್ಡ ತಿರುಗಿ, ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರುತ್ತ...

"ಯಾಕ ಹಿಂಗ ಇಳೀತಿ?" ಶಾರವ್ವ ತಾನಾಗಿಯೇ ಕೇಳಿದಳು.

"ಮೊಣಕಾಲು ಹಿಡದಾವ್ರಿ ಅತ್ತಿ. ಒಂಬತ್ತ ದಿನಕ್ಕ ಹಿಂಗ... ನೀವು ಹದಿನೆಂಟು ವರ್ಷ ಹೆಂಗ ಹತ್ತಿದ್ರಿ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶಾರವ್ವನೇ ತನ್ನನ್ನು ಕೇಳಿಕೊಂಡಿರಲಿಲ್ಲ! ಕಣ್ಣೀರು ದಳದಳ ಇಳಿಯಿತು. ಕೊಡಕ್ಕೆ ಕೈ ಹಾಕಿದಳು.

"ಬಿಡು ತಾಯಿ, ಈ ಕೆಲಸ ನಿನಗ ಬ್ಯಾಡ."

ರೋಹಿಣಿ ಕೊಡ ಬಿಡಲಿಲ್ಲ. "ನಾ ಬಿಟ್ರ ನೀವು ಮತ್ತ ಬರ್ತೀರಿ. ಅದಕ್ಕ ಈ ಜಾಗಾ ಹಿಡದೀನಿ. ಬರೂದಿಲ್ಲಂತ ಹೇಳ್ರಿ, ಇವತ್ತ ಬಿಡ್ತೇನಿ."

ಶಾರವ್ವ ತಲೆಯೆತ್ತಿ ಮೆಟ್ಟಿಲುಗಳನ್ನು ನೋಡಿದಳು.

"ಬರೂದಿಲ್ಲ..." ಎಂದಳು. ಆಮೇಲೆ ಕುಂಟುತ್ತ ಕನಕಪ್ಪನ ಬಳಿ ಹೋಗಿ, "ಹೊಸಬರಿಗಿ ಕೊಡ ಹೊರಸಬ್ಯಾಡ್ರಿ. ಮ್ಯಾಲ ಪೈಪಿನಾಗ ನೀರು ಕೊಡ್ರಿ" ಎಂದು ಗಟ್ಟಿಯಾಗಿಯೇ ಹೇಳಿ ಬಂದಳು.

ಮರುದಿನ ನಸುಕಿಗೇ ಆಕೆಗೆ ಎಚ್ಚರವಾಯಿತು. ಕಾಲು ನೆಲಕ್ಕೆ ಊರಿದಳು.

"ಎಲ್ಲಿಗ್ರಿ ಅತ್ತಿ?" ಒಳಗಿನಿಂದ ರೋಹಿಣಿಯ ದನಿ.

"ಎಲ್ಲಿಗೂ ಇಲ್ಲ ತಾಯಿ..." ಶಾರವ್ವ ಉಸಿರು ಬಿಟ್ಟಳು. "ಇಲ್ಲೇ ಕುಂತೀನಿ."