ಹೊಳೆಯುವ ಮೈಯ ಗೀರುಗಳು

೨೦೦೫ರ ಫೆಬ್ರುವರಿ ಹನ್ನೆರಡು, ಶನಿವಾರ ಬೆಳಿಗ್ಗೆ ಎಂಟೂವರೆಗೆ ಯೆನಿದೆರೆ ಠಾಣೆಯ ಬಾಗಿಲನ್ನು ಒದ್ದುಕೊಂಡೇ ಒಳಗೆ ಬಂದವನು ಮುಹ್ಸಿನ್. ಆಲಿವ್ ಗಾಣದಲ್ಲಿ ಅವನ ದುಡಿಮೆ. ಚಳಿಗಾಲ ಬಂತೆಂದರೆ ಊರೂರಿನ ಒಂಟೆ ಕಾಳಗಕ್ಕೆ ಕ್ಯಾಮೆರಾ ಹೊತ್ತು ಹೋಗುವುದು, ತೆಗೆದದ್ದನ್ನು ಮನೆಯಲ್ಲೇ ಸಿ.ಡಿ.ಗೆ ಇಳಿಸಿ ಗೆಳೆಯರಿಗೆ ಹಂಚುವುದು ಅವನ ಹುಚ್ಚು. ಕೈಯಲ್ಲಿದ್ದ ಚೀಲವನ್ನು ಠಾಣಾಧಿಕಾರಿ ರುಸ್ತೆಮನ ಮೇಜಿನ ಮೇಲೆ ಕವುಚಿದ. ಗೀರುಬಿದ್ದ ಸಿ.ಡಿ.ಗಳು ಗಲಗಲನೆ ಸುರಿದವು.

"ಇಷ್ಟು ವರ್ಷದ ಕಾಳಗ ಸಾಹೇಬ್ರೇ! ನನ್ನ ಮೈ ಗೀರಿದ್ರೂ ಇಷ್ಟು ಉರೀತಿರ್ಲಿಲ್ಲ!"

"ಯಾವಾಗ ಆದದ್ದು?"

"ಬೆಳಗಿನ ನಮಾಜಿಗೆ ಹೋಗಿ ಬರೋದ್ರೊಳಗೆ."

"ಬೀಗ?"

"ನಮ್ಮ ಬೀದೀಲಿ ಬೀಗ ಹಾಕಿದ್ರೆ ನೆರೆಯೋರು ಮಾತು ಬಿಡ್ತಾರೆ."

"ಭಾನುವಾರದ್ದು?"

"ಅದೂ ಇದರಲ್ಲೇ ಇದೆ. ಹಾಳಾಯ್ತು."

ರುಸ್ತೆಮನ ಮುಖ ಬಿಗಿಯಿತು. ಆ ಒಂದು ಸಿ.ಡಿ.ಗಾಗಿಯೇ ಅವನು ಕಾದಿದ್ದ. ಕಾಳಗಕ್ಕೆ ಬಿಡುವ ಮುನ್ನ ಒಂಟೆಗಳು ಕಚ್ಚದಂತೆ ನುರಿತವನೊಬ್ಬ ಅವುಗಳ ಬಾಯಿಗೆ ಹುರಿ ಕಟ್ಟುವುದು ವಾಡಿಕೆ. ಹೋದ ಭಾನುವಾರ ಹಲೀಲ್ ಎಂಬ ಒಂಟೆ ಸಾಕುವವನ ಒಂಟೆಯ ಹುರಿ ಕಣದಲ್ಲೇ ಬಿಚ್ಚಿಕೊಂಡು, ಅದು ಎದುರಾಳಿ ಒಂಟೆಯ ಮುಂಗಾಲನ್ನು ಕಚ್ಚಿ ಮುರಿದಿತ್ತು. ಮುರಿದ ಕಾಲಿನ ಒಂಟೆಯನ್ನು ಅಲ್ಲೇ ಕೊಯ್ದರು. ಹಲೀಲನೇ ಬೇಕೆಂದು ಹುರಿ ಸಡಿಲಿಸಿದ ಎಂದು ಅದರ ಮಾಲೀಕನ ಕಡೆಯವರು ಅವನ ಹಲ್ಲು ಮುರಿದು ಠಾಣೆಗೆ ಒಪ್ಪಿಸಿದ್ದರು. ಸೋಮವಾರ ಅವನನ್ನು ಸರ್ಕಾರಿ ವಕೀಲರ ಮುಂದೆ ನಿಲ್ಲಿಸಬೇಕು. ಅವನ ಪರವಾಗಿ ಹೇಳಲು ಒಂದು ನರಪಿಳ್ಳೆಯೂ ಇರಲಿಲ್ಲ.

"ಈ ಸಿ.ಡಿ. ನಮಗೆ ಕೊಡ್ತೀನಿ ಅಂತ ಯಾರಿಗೆ ಹೇಳಿದ್ದೆ?"

"ನಿನ್ನೆ ಸಂಜೆ ಕಾಫಿ ಅಂಗಡೀಲಿ. ಬಾಯಿ ಕಟ್ಟೋದರಿಂದ ಹಿಡಿದು ಪೂರ್ತಿ ತೆಗೆದಿದೀನಿ, ನೋಡೋಕೆ ಪುರುಸೊತ್ತಾಗಿಲ್ಲ, ಬೆಳಿಗ್ಗೆ ಠಾಣೆಗೆ ಕೊಡ್ತೀನಿ ಅಂದೆ. ನಮ್ಮ ಮೇಜಿನೋರು ಎಲ್ಲಾ ಇದ್ರು."

"ಇನ್ನೊಂದು ಪ್ರತಿ?"

"ಹಂಚೋದು ಶುಕ್ರವಾರ. ಈ ಸಲ ಠಾಣೆಗೇ ಮೊದ್ಲು ಅಂತ ತಡೆದೆ."

"ಕ್ಯಾಮೆರಾದ ಟೇಪು?"

ಮುಹ್ಸಿನ್ ಹಣೆ ಚಚ್ಚಿಕೊಂಡ. "ಅದರ ಮೇಲೇ ತಂಗಿ ಮಗನ ಸುನ್ನತಿ ತೆಗೆದೆ, ಸಾಹೇಬ್ರೇ."

ಎಫ್‌ಐಆರ್ ಆಯಿತು. ಮುಹ್ಸಿನನ ಮನೆಯಲ್ಲಿ ಕಾನ್‌ಸ್ಟೆಬಲ್ ವೆದಾತ್ ಪಂಚನಾಮೆ ಬರೆಯತೊಡಗಿದ. ಒಡೆದ ಕಿಟಕಿಯಿಲ್ಲ, ಹೋದ ವಸ್ತುವಿಲ್ಲ. ಇತ್ತ ಠಾಣೆಯಲ್ಲಿ ರುಸ್ತೆಮ್ ಸಿ.ಡಿ.ಗಳನ್ನು ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದು ನೋಡಿದ. ಗೀರುಗಳೆಲ್ಲ ಹೊಳೆಯುವ ಮೈಯ ಮೇಲೆ, ನಡುವಿನ ತೂತಿನಿಂದ ಅಂಚಿಗೆ ಅಲ್ಲಲ್ಲಿ ಸಣ್ಣಗೆ ಅಲುಗಿದ್ದರೂ ಅಡ್ಡಾದಿಡ್ಡಿಯಾಗದೆ ನೆಟ್ಟಗಿದ್ದವು. ಕೋಪದಲ್ಲಿ ಗೀಚುವವನ ಕೈ ಹೀಗೆ ಓಡುವುದಿಲ್ಲ. ಒಂದೇ ಒಂದು ಸಿ.ಡಿ.ಗೆ ಮಾತ್ರ ಹೊಳೆಯುವ ಮೈಗೆ ಏನೂ ಆಗಿರಲಿಲ್ಲ. ಅದರ ಬರಹದ ಮೈಯನ್ನು ಕೆರೆದು ತೆಗೆದಿದ್ದರು. ಅಲ್ಲಿ ಸಿ.ಡಿ. ಗಾಜಿನಂತಾಗಿ ಆಚೆಗಿದ್ದ ಬೆರಳು ಕಾಣುತ್ತಿತ್ತು.

"ಇದೊಂದನ್ನೇ ಯಾಕೆ ಈ ಕಡೆ ಕೆರೆದ?"

ಮುಹ್ಸಿನ್ ಅದನ್ನು ಕೈಗೆ ತೆಗೆದುಕೊಂಡ. ಎರಡೂ ಮೈ ತಿರುಗಿಸಿ ನೋಡಿದ.

"ಇದೇ ಭಾನುವಾರದ್ದು... ಚಿತ್ರ ಕೂತಿರೋದು ಬರಹದ ಕೆಳಗಿನ ಪದರದಲ್ಲಿ ಸಾಹೇಬ್ರೇ. ಅದು ಹೋದ್ರೆ ಮುಗೀತು. ಹೊಳೆಯೋ ಕಡೆ ನೆಟ್ಟಗೆ ಗೀರಿದ್ರೆ ಅಷ್ಟೇನೂ ಕೆಡಲ್ಲ. ಪೇಸ್ಟ್ ಹಾಕಿ ಉಜ್ಜಿದ್ರೆ ಓಡ್ತವೆ. ನನಗೆ ಕಣ್ಣಿಗೆ ರಕ್ತ ಏರಿತ್ತು, ನೋಡಲೇ ಇಲ್ಲ."

"ಅಂದ್ರೆ ಒಂದನ್ನ ಕೊಂದ, ಮಿಕ್ಕವನ್ನ ಉಳಿಸ್ದ. ಈ ಮರ್ಮ ಯಾರಿಗೆ ಗೊತ್ತು?"

"ನಮ್ಮ ಮೇಜಿನೋರಿಗೆ. ನಾನೇ ಹೇಳಿಕೊಟ್ಟಿದ್ದೆ."

"ಅವರಲ್ಲಿ ಒಂಟೆ ಬಾಯಿ ಕಟ್ಟೋನು ಯಾರು?"

ಮುಹ್ಸಿನ್ ಸಿ.ಡಿ.ಯನ್ನು ಮೆಲ್ಲಗೆ ಕೆಳಗಿಟ್ಟ. "ದೂರು ವಾಪಸ್ ತಗೋತೀನಿ."

ರುಸ್ತೆಮ್ ಮೇಜಿಗೆ ಗುದ್ದಿದ. "ಹಲ್ಲು ಮುರಿಸ್ಕೊಂಡು ಲಾಕಪ್ಪಲ್ಲಿ ಕೂತಿದಾನಲ್ಲ, ಅವನು ತಿಂದ ಏಟನ್ನ ಯಾರು ವಾಪಸ್ ತಗೋತಾರೆ? ಹೆಸರು ಹೇಳು!"

"ಇಲ್ಯಾಸ್ ಅಣ್ಣ."

ಮಧ್ಯಾಹ್ನ ಜೀಪು ನಿಂತಾಗ ಇಲ್ಯಾಸ್ ಅಂಜೂರದ ಗಿಡ ಸವರುತ್ತಿದ್ದ. ಅರವತ್ತು ದಾಟಿದವನು. ಬನ್ನಿ ಎಂದು ಕರೆದು ಚಹಾ ತರಿಸಿದ. ರುಸ್ತೆಮ್ ಕುಡಿಯಲಿಲ್ಲ. ಪೇಸ್ಟ್ ಹಾಕಿ ಉಜ್ಜಿಸಿ ತಂದಿದ್ದ ಹಳೆಯ ಸಿ.ಡಿ.ಯೊಂದನ್ನು ಅವನದೇ ಟೀವಿಗೆ ಹಾಕಿಸಿದ. ಚಿತ್ರ ಎರಡು ಸಲ ತಡವರಿಸಿ ಓಡಿತು. ನೊರೆ ಸುರಿಸುವ ಒಂಟೆಯ ಬಾಯಿಗೆ ಎರಡು ಕೈ ಹುರಿ ಸುತ್ತುತ್ತಿದ್ದವು.

"ಯಾರ ಕೈ ಇಲ್ಯಾಸ್ ಅಣ್ಣ?"

"ನನ್ನದೇ."

"ಹೋದ ಭಾನುವಾರದ ಗಂಟು?"

"ಅದೂ ನನ್ನದೇ."

"ಬಿಚ್ಚಿದ್ದು ಹೇಗೆ?"

ಇಲ್ಯಾಸನ ಕೈಯಲ್ಲಿದ್ದ ಲೋಟ ತಟ್ಟೆಗೆ ಕಟಕಟ ಬಡಿಯಿತು. ಕೆಳಗಿಟ್ಟು, ಕೈಗಳನ್ನು ತೊಡೆಯ ಕೆಳಗೆ ಅವುಚಿಕೊಂಡ.

"ಹುರಿಯ ಎರಡನೇ ಸುತ್ತು ಬೀಳಲೇ ಇಲ್ಲ. ಜನ ನೋಡ್ತಿದ್ರು. ಹಾಗೇ ಬಿಟ್ಟುಬಿಟ್ಟೆ."

"ಹಲೀಲನ್ನ ಹೊಡೆಯುವಾಗ ಎಲ್ಲಿದ್ದೆ?"

"ಅಲ್ಲೇ ಇದ್ದೆ."

ರುಸ್ತೆಮನ ಕೈ ತಾನಾಗಿ ಮೇಲೆದ್ದಿತು. ವೆದಾತ್ ನಡುವೆ ಬಂದ. ರುಸ್ತೆಮ್ ಗುಡುಗಿದ: "ಥೂ! ಒಂಟೆ ಬಾಯಿ ಕಟ್ಟೋಕಾಗ್ಲಿಲ್ಲ, ನಿನ್ನ ಬಾಯಿ ಮಾತ್ರ ಎಷ್ಟು ಬಿಗಿಯಾಗಿ ಕಟ್ಕೊಂಡೆ!"

"ಹೌದು ಸಾಹೇಬ್ರೇ."

"ಮಿಕ್ಕ ಸಿ.ಡಿ. ಯಾಕೆ ಉಳಿಸ್ದೆ?"

ಇಲ್ಯಾಸ್ ಟೀವಿಯಿಂದ ಕಣ್ಣು ಕೀಳಲಿಲ್ಲ. "ಅವುಗಳಲ್ಲಿ ನನ್ನ ಕೈ ನೆಟ್ಟಗಿದೆ."

ನಾಲ್ಕು ಗಂಟೆಗೆ ಬಂಧನವಾಯಿತು. ಅತಿಕ್ರಮ ಪ್ರವೇಶ, ಸಾಕ್ಷ್ಯನಾಶ. ವರದಿಯಲ್ಲಿ ಕಾರಣ ಬರೆಯುವಾಗ ರುಸ್ತೆಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ 'ದ್ವೇಷ' ಎಂದು ಬರೆದದ್ದನ್ನು ಹೊಡೆದುಹಾಕಿ 'ಕೈನಡುಕ ಊರಿಗೆ ತಿಳಿದೀತೆಂಬ ಅಂಜಿಕೆ' ಎಂದು ತಿದ್ದಿದ.

ಹಲೀಲನನ್ನು ಹೊರಗೆ ತಂದರು. ತುಟಿ ಬಾತಿತ್ತು. ಪಡಸಾಲೆಯಲ್ಲಿ ಇಲ್ಯಾಸ್ ಎದುರಾದ. ನಡೆದದ್ದನ್ನು ವೆದಾತ್ ಆಗಲೇ ಹಲೀಲನಿಗೆ ಹೇಳಿದ್ದ. ಉಗಿಯುತ್ತಾನೆ, ಇಲ್ಲವೇ ಮೈಮೇಲೆ ಬೀಳುತ್ತಾನೆ ಎಂದುಕೊಂಡರು ಎಲ್ಲರೂ. ತಡೆಯುವ ಮನಸ್ಸು ರುಸ್ತೆಮನಿಗೂ ಇರಲಿಲ್ಲ.

"ಅಣ್ಣ," ಎಂದ ಹಲೀಲ್, ಮುರಿದ ಹಲ್ಲಿನ ಸಂದಿಯಿಂದ ಮಾತು ಸೋರುತ್ತಿತ್ತು. "ನಾನು ನಿನ್ನ ಪಕ್ಕದಲ್ಲೇ ಇದ್ನಲ್ಲ. ಕೈ ನಡುಗ್ತದೆ ಅಂತ ಒಂದು ಮಾತು ಅಂದಿದ್ರೆ, ಹುರಿಯ ಇನ್ನೊಂದು ತುದಿ ನಾನು ಹಿಡೀತಿರ್ಲಿಲ್ವಾ?"