ಆರದ ಬೈರಾಸು

ನಂಬುವವರು ನಂಬಿ, ನಾನು ಕಂಡದ್ದನ್ನು ಹೇಳುತ್ತೇನೆ. ಎಪ್ಪತ್ತೆಂಟರಲ್ಲಿ ಚೊಚ್ಚಲ ಹೆರಿಗೆಗೆಂದು ರಾಮಕುಂಜದ ತವರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ನಮ್ಮ ನಾಯಿ ಕಾಳಿ ಮರಿ ಹಾಕಿತು. ಕೊನೆಯ ಮರಿಗೆ ಉಸಿರಿರಲಿಲ್ಲ. ಮೂಗಿನ ಲೋಳೆ ತೆಗೆದು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಉಜ್ಜುತ್ತಲೇ ಇದ್ದೆ. ಕಡೆಗೂ ಅದು ಕುಂಯ್ ಎಂದಿತು.

ಅಮ್ಮ ಎತ್ತಿ ನೋಡಿದರು. "ಹೆಣ್ಣು! ಇದನ್ನು ಯಾರು ಕೊಂಡುಹೋಗ್ತಾರೆ ಮಾರಾಯ್ತಿ? ಬದುಕಿಸಿದ್ದು ಎಂತಕ್ಕೆ?"

ಅಮ್ಮನ ಅಣ್ಣ ತ್ಯಾಂಪಣ್ಣ ಮಾವ ಅದನ್ನು ಹೊಸ ತೆಂಗಿನ ಸಸಿಯ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಹೆಣ್ಣುಮರಿಗಳಿಗೆ ನಮ್ಮ ಮನೆಯಲ್ಲಿ ಅದೇ ದಾರಿ.

ಬೈರಾಸನ್ನು ಒಗೆದು ಬಿಸಿಲಿಗೆ ಹಾಕಿದೆ. ನಡುವೆ ಅಂಗೈಯಷ್ಟು ಜಾಗ ಮಾತ್ರ ಒದ್ದೆಯಾಗಿ, ಬೆಚ್ಚಗೆ ಉಳಿಯಿತು. ಕುದಿನೀರಿನಲ್ಲಿ ಒಗೆದು ಪೆಟ್ಟಿಗೆಯಲ್ಲಿಟ್ಟರೂ, ತಿಂಗಳು ಕಳೆದರೂ ಅದು ಆರಲಿಲ್ಲ. ಮುಟ್ಟಿದರೆ ಕೈಯಡಿ ಮೆಲ್ಲಗೆ ಏರಿಳಿಯುತ್ತಿತ್ತು. ಕಾಳಿ ಗಂಡುಮರಿಗಳನ್ನು ಬಿಟ್ಟು ಆ ಪೆಟ್ಟಿಗೆಯ ಪಕ್ಕವೇ ಮಲಗುತ್ತಿತ್ತು.

ನನ್ನ ಮಗುವೂ ಉಸಿರಿಲ್ಲದೆ ಹುಟ್ಟಿತು. ಸೂಲಗಿತ್ತಿ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ ಆ ಬೈರಾಸನ್ನೇ ಎಳೆದು ಉಜ್ಜಿದಳು. ಮಗು ಅತ್ತಿತು.

"ಹೆಣ್ಣು! ಇನ್ನು ನಮ್ಮ ಮನೆಗೆ ಜನ ಉಂಟು," ಎಂದು ಅಮ್ಮ ಊರಿಗೆಲ್ಲ ಬೆಲ್ಲ ಹಂಚಿದರು. ನಮ್ಮದು ಅಳಿಯಸಂತಾನದ ಮನೆ, ಹೆಣ್ಣಿನಿಂದಲೇ ಕುಟುಂಬ ಮುಂದುವರಿಯುವುದು.

ಬೈರಾಸು ಆ ಸಂಜೆಯೇ ಪೂರ್ತಿ ಒಣಗಿತು. ಕಾಳಿ ಪೆಟ್ಟಿಗೆ ಬಿಟ್ಟು ಬಂದು ನನ್ನ ಮಗಳ ಚಾಪೆಯ ಪಕ್ಕ ಮಲಗಿತು.