ಐದೂಕಾಲಿಗೆ ಬಂದವನು

ಆವತ್ತೂ ಬೆಟ್ಟಸ್ವಾಮಿ ಮುಕ್ಕಾಲು ಗಂಟೆ ತಡವಾಗಿ ಬಂದ. ತಿ. ನರಸೀಪುರದ ಹೊಳೆ ಮೆಟ್ಟಿಲ ಮೇಲೆ ಕಾದಿದ್ದ ಚೈತ್ರ ಅವನ ಮುಖ ನೋಡದೆ ಕೈಗಡಿಯಾರ ನೋಡಿದಳು. ಪಂಪ್‌ಸೆಟ್ ರಿಪೇರಿಯ ಗ್ರೀಸು ಮೆತ್ತಿದ ಆ ಕೈ, ತಪ್ಪು ಒಪ್ಪಿಕೊಳ್ಳುವ ಆ ನಗು ಕಂಡರೆ ಕೋಪ ಇಳಿದೇ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಇಬ್ಬರೂ ಸರ್ಕಾರಿ ಗುಮಾಸ್ತೆ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದರು. ಜಾತಿ ಬೇರೆ, ಒಬ್ಬರಿಗಾದರೂ ಕೆಲಸ ಸಿಗದೆ ಮನೆ ಬಿಟ್ಟು ಮದುವೆಯಾಗುವಂತಿರಲಿಲ್ಲ. ಅದಕ್ಕೇ ಅವಳು ಕಾರ್ಬನ್ ಇಟ್ಟು ಎರಡು ಟೈಮ್‌ಟೇಬಲ್ ಬರೆದಿದ್ದಳು. ಬೆಳಗ್ಗೆ ಐದಕ್ಕೆ ಗಣಿತ, ಆರೂವರೆಗೆ ಸಾಮಾನ್ಯ ಜ್ಞಾನ, ಸಂಜೆ ಐದೂಕಾಲಿಗೆ ‘ಬೆಟ್ಟು, ಹೊಳೆ’.

“ನಾಳೆ ಐದೂಕಾಲಿಗೆ ಬರ್ಲಿಲ್ಲಾಂದ್ರೆ ಇನ್ನು ಬರ್ಲೇಬೇಡ.”

“ಬತ್ತೀನಿ ಕಣಮ್ಮಿ,” ಎಂದು ಅವನು ಮೆಲ್ಲಗೆ ಅವಳ ಜಡೆ ಎಳೆದ.

ಮರುದಿನ ಆ ಹಾಳೆ ಅವಳ ಅಣ್ಣ ಗಂಗಾಧರಸ್ವಾಮಿಯ ಕೈಗೆ ಸಿಕ್ಕಿತು. ಕೊನೆಯ ಸಾಲು ಓದುತ್ತಲೇ ಅವನು ಹೊಡೆದ ಏಟಿಗೆ ಅವಳ ತುಟಿ ಒಡೆಯಿತು. ಅವಳನ್ನು ಕೋಣೆಯಲ್ಲಿ ಕೂಡಿಹಾಕಿ ಚಿಲಕ ಜಡಿದು, ಕಬ್ಬಿಣದ ರಾಡು ಹಿಡಿದು ಹೊಳೆಯ ಕಡೆ ಹೊರಟ. ಚೈತ್ರಳಿಗೆ ಧೈರ್ಯವಿತ್ತು. ಒಂಬತ್ತು ತಿಂಗಳಲ್ಲಿ ಒಂದು ದಿನವೂ ಸರಿಯಾದ ಹೊತ್ತಿಗೆ ಬಾರದವನು ಇವತ್ತು ಬಂದಾನೆಯೇ? ಹಿತ್ತಿಲ ಕಿಟಕಿಯ ಗೆದ್ದಲು ಹಿಡಿದ ಮರದ ಸರಳುಗಳನ್ನು ಒದ್ದು ಮುರಿದು, ಅಂಗೈ ಹರಿದುಕೊಂಡು, ದಾರಿಯಲ್ಲೇ ಅವನನ್ನು ತಡೆಯಬೇಕೆಂದು ಓಡಿದಳು.

ಅವನು ಬಂದಿದ್ದ. ತಲೆ ಬಾಚಿ, ಗ್ರೀಸು ತೊಳೆದು, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ರಾಡು ಅವನ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಆಗಷ್ಟೇ ಮೇಲಿನ ಮೆಟ್ಟಿಲು ತಲುಪಿದ ಚೈತ್ರಳಿಗೂ ಕೇಳಿಸಿತು. ಆಮೇಲೆ ಪಕ್ಕೆಗೆ, ಆಮೇಲೆ ತಲೆಗೆ. ಇಸ್ತ್ರಿ ಅಂಗಿ ನೆತ್ತರಿನಲ್ಲಿ ತೊಯ್ದುಹೋಯಿತು. ತನ್ನ ಮಾತೇ ಅವನನ್ನು ಇಲ್ಲಿಗೆ ತಂದಿತೆಂದು ಅವಳಿಗೆ ಹೊಳೆಯಿತು. ಕೈಗೆ ಸಿಕ್ಕ ಕಲ್ಲೆತ್ತಿ ಅಣ್ಣನ ಭುಜಕ್ಕೆ, ಅವನು ಕುಸಿಯುವ ತನಕ ಹೊಡೆದಳು.

ಆಸ್ಪತ್ರೆಯಲ್ಲಿ ಪೊಲೀಸರು ಹೇಳಿಕೆ ಕೇಳಿದರು. ಹುಡುಗ ಮೆಟ್ಟಿಲಲ್ಲಿ ಜಾರಿ ಬಿದ್ದನೆಂದು ಹೇಳು, ಅಣ್ಣನನ್ನು ಉಳಿಸು ಎಂದು ತಾಯಿ ಮಂಗಳಮ್ಮ ಸೆರಗೊಡ್ಡಿ ಬೇಡಿದಳು. ಚೈತ್ರ ತಾಯಿಯ ಕೈ ಹಿಡಿದುಕೊಂಡೇ ಹೇಳಿದಳು:

“ಐದು ಇಪ್ಪತ್ತಕ್ಕೆ ನಮ್ಮಣ್ಣ ರಾಡ್ ಎತ್ತಿದ ಸಾರ್. ಐದು ಇಪ್ಪತ್ತೆರಡಕ್ಕೆ ನಾನು ಕಲ್ಲೆತ್ತಿದೆ. ಎರಡೂ ಬರ್ಕೊಳ್ಳಿ.”

ತಾಯಿ ಕೈ ಬಿಡಿಸಿಕೊಂಡು ಹೊರಟುಹೋದಳು.

ಮೂರನೆಯ ದಿನ ಬೆಟ್ಟಸ್ವಾಮಿ ಊದಿದ ಕಣ್ಣು ತೆರೆದ. ಒಡೆದ ಅವಳ ತುಟಿಯನ್ನೇ ತುಂಬ ಹೊತ್ತು ನೋಡಿದ. “ಟೈಮಿಗ್ ಸರಿಯಾಗಿ ಬಂದಿದ್ನಲ್ವಾ?” ಎಂದ.

ಅಷ್ಟು ದಿನ ತಡೆದಿದ್ದ ಅಳು ಆಗ ಬಂತು. ಅವನ ಎಡಗೈಯನ್ನು ಕೆನ್ನೆಗೊತ್ತಿಕೊಂಡು, “ಬಂದಿದ್ದೆ. ಇನ್ಮೇಲೆ ಎಷ್ಟೊತ್ತಿಗಾದ್ರೂ ಬಾ ಬೆಟ್ಟು. ನಾನು ಕಾಯ್ತೀನಿ,” ಎಂದಳು.

ಪರೀಕ್ಷೆಗೆ ಇನ್ನು ಹದಿನೆಂಟು ದಿನವಿತ್ತು. ಕಣ್ಣೊರೆಸಿಕೊಂಡು, ಆ ಎಡಗೈಯ ಬೆರಳುಗಳ ನಡುವೆ ಪೆನ್ನಿಟ್ಟಳು.